ಮೂರ್ತೆದಾರನ ಮಗಳು ಮಾಡಿದ ನೇರಳೆ ಸೈಡರ್

ವಾರಿಜಾ ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸದರಲ್ಲಿ ಗಂಡ ಮುರಾರಿ ಅವಳಿಗೆ ಲೋಕಲ್ ಗಾಡಿ ಹತ್ತುವುದನ್ನು, ಇಳಿಯುವುದನ್ನು, ಮಂಡಿಯಲ್ಲಿ ಚೌಕಾಶಿ ಮಾಡುವುದನ್ನು ಕಲಿಸಿದ್ದ. ಅದರ ಜೊತೆಗೆ ಇನ್ನೂ ಒಂದು ಮಾತು ಹೇಳಿಕೊಟ್ಟಿದ್ದ.

"ನಿನ್ನ ಅಪ್ಪ ಎಂತ ಮಾಡ್ತಾರೆ ಅಂತ ಇಲ್ಲಿಯವರು ಕೇಳಿದ್ರೆ ಕೃಷಿ ಅಂತ ಹೇಳು. ಅದಕ್ಕಿಂತ ಹೆಚ್ಚು ಬಿಡಿಸಿ ಹೇಳ್ಲಿಕ್ಕೆ ಹೋಗ್ಬೇಡ."

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಉಡುಪಿ ಹತ್ತಿರದ ಕಟಪಾಡಿಯ ಮನೆಯ ಹಿಂದೆ ಸಣ್ಣದೊಂದು ಗದ್ದೆಯಿತ್ತು. ಆದರೆ ಅವಳ ಅಪ್ಪ ಶಂಭು ಪೂಜಾರಿಯನ್ನು ಊರಿನವರು ಗುರುತಿಸುತ್ತಿದ್ದದ್ದು ಗದ್ದೆಯಿಂದಲ್ಲ, ಮೂರ್ತೆಯಿಂದ. ಬೆಳಿಗ್ಗೆ ಸಂಜೆ ತೆಂಗಿನ ಮರ ಹತ್ತಿ, ಹೊಂಬಾಳೆಯ ತುದಿ ಕೆತ್ತಿ, ಕಳ್ಳು ಇಳಿಸುವುದಕ್ಕೆ ಆ ಕಡೆ ಮೂರ್ತೆ ಎಂದು ಹೆಸರು. ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಅಪ್ಪ ಮರದಿಂದ ಇಳಿಯುವಾಗ ಪುಟ್ಟ ವಾರಿಜಾ ಬುಡದಲ್ಲಿ ನಿಂತಿರುತ್ತಿದ್ದಳು. ಅಪ್ಪ ಮಡಕೆಯನ್ನು ಅವಳ ಕಿವಿಯ ಹತ್ತಿರ ಹಿಡಿಯುತ್ತಿದ್ದ. ಒಳಗೆ ಅಕ್ಕಿ ಚೆಲ್ಲಿದಂತೆ ಸಣ್ಣ ಸದ್ದು. "ಕೇಳ್ತದಾ? ಹುಳಿ ಬರ್ಲಿಕ್ಕೆ ಶುರುವಾಯ್ತು. ಇನ್ನು ಇದು ಸುಮ್ಮನೆ ಕೂತುಕೊಳ್ಳುವ ಪೈಕಿ ಅಲ್ಲ" ಎನ್ನುತ್ತಿದ್ದ. ಅವಳಿಗೆ ಅದು ಕೇಳಲು ಇಷ್ಟ. ಆದರೆ ಶಾಲೆಯಲ್ಲಿ ಅವಳು ಬೆಂಚಿಗೆ ಬಂದು ಕೂತಾಗ ಕೆಲವು ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಗಂಡ ಹೇಳಿಕೊಟ್ಟ ಮಾತು ಅವಳಿಗೆ ಹೊಸದೆನಿಸಲಿಲ್ಲ. ತಲೆಯಾಡಿಸಿದಳು. ಆಮೇಲೆ ವರ್ಷಗಟ್ಟಲೆ, ಕೇಳಿದವರಿಗೆಲ್ಲ, "ಅಪ್ಪಂದು ಕೃಷಿ" ಎಂದೇ ಹೇಳಿದಳು.

ಮುರಾರಿ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಗ್ಗಿದ ದನಿ, ಒಬ್ಬರ ಬಾಯಲ್ಲೂ ಕೆಟ್ಟವನು ಅನ್ನಿಸಿಕೊಳ್ಳದ ಮನುಷ್ಯ. ಹೋಟೆಲಿನ ಧಣಿ ಹಯಗ್ರೀವ ರಾಯರು ಊರಿಗೆ ಹೋಗುವಾಗ ಬೀಗದ ಕೈಯನ್ನು ಅವನಿಗೇ ಕೊಟ್ಟು ಹೋಗುತ್ತಿದ್ದರು. ಆ ಮರ್ಯಾದೆಯನ್ನು ಅವನು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಕಟ್ಟಿಕೊಂಡಿದ್ದ. ವಾರಿಜಾಗೆ ಅದು ಗೊತ್ತಿತ್ತು. ಅವಳು ಅದನ್ನು ಅಲುಗಾಡಿಸುವವಳಲ್ಲ.

ಅವರಿಗೆ ಒಬ್ಬಳೇ ಮಗಳು, ಅನಘ. ನೆರೂಳಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಡೊಂಬಿವಲಿಯಿಂದ ಹೊರಟು ಠಾಣೆಯಲ್ಲಿ ಗಾಡಿ ಬದಲಿಸಿ ಹೋಗುವಾಗ ದಿನಾ ಎದುರಾಗುತ್ತಿದ್ದ ಹುಡುಗ ವಿಕಾಸ್, ತುರ್ಭೆಯ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್. ಬದಲಾಪುರದ ಆಚೆ, ಬಾರವಿ ಅಣೆಕಟ್ಟಿನ ದಾರಿಯಲ್ಲಿ ಅವನ ಮನೆ. ಮರಾಠಿ ಕುಣಬಿ ರೈತರು. ಹುಡುಗನ ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ತಾಯಿ ಹೌಸಾಬಾಯಿಯೇ ಜಮೀನು ನೋಡಿಕೊಳ್ಳುತ್ತಿದ್ದಳು. ಮೊದಮೊದಲು ಮುರಾರಿ ಮುಖ ಗಂಟಿಕ್ಕಿದ. ಆಮೇಲೆ ಹುಡುಗನ ನಡತೆ ನೋಡಿ ಒಪ್ಪಿದ. ಮದುವೆ ಕಲ್ಯಾಣದ ಒಂದು ಹಾಲ್‌ನಲ್ಲಿ ನಡೆಯಿತು. ಒಂದು ಪಂಕ್ತಿಗೆ ಹೋಳಿಗೆ, ಇನ್ನೊಂದಕ್ಕೆ ಶ್ರೀಖಂಡ.

ಮದುವೆಯ ಮುಂದಿನ ಜೂನಿನಲ್ಲಿ ವಾರಿಜಾ ಮೊದಲ ಸಲ ಬೀಗರ ತೋಟಕ್ಕೆ ಹೋದಳು. ಹಿಂದಿನ ದಿನ ಸುರಿದ ಮೊದಲ ಮಳೆಗೆ ನೆಲ ಇನ್ನೂ ಒದ್ದೆಯಾಗಿತ್ತು. ತೋಟದ ತುಂಬ ಮುಗಿಲೆತ್ತರದ ನೇರಳೆ ಮರಗಳು. ಹೌಸಾಬಾಯಿಯ ಮಾವ ನೆಟ್ಟವು. ಕೊಯ್ಯುವವರಿಗೆಂದು ಮರದ ಸುತ್ತ ಬಿದಿರು ಕಟ್ಟಿದ್ದರು, ಯಾಕೆಂದರೆ ನೇರಳೆಯ ಕೊಂಬೆ ನಂಬುವಂಥದ್ದಲ್ಲ. ಮರಗಳ ಕೆಳಗೆ ನೆಲವೇ ಕಾಣುತ್ತಿರಲಿಲ್ಲ. ಉದುರಿದ ಹಣ್ಣು, ಒಡೆದ ಹಣ್ಣು, ಕಾಲಿಗೆ ಸಿಕ್ಕಿ ಅಪ್ಪಚ್ಚಿಯಾದ ಹಣ್ಣು. ಗಾಳಿಯಲ್ಲಿ ಸಿಹಿಯೂ ಹುಳಿಯೂ ಬೆರೆತ ಒಂದು ವಾಸನೆ.

ವಾರಿಜಾ ನಿಂತಲ್ಲೇ ನಿಂತಳು. ಆ ವಾಸನೆ ಅವಳಿಗೆ ಗೊತ್ತಿತ್ತು.

"ಏನಾಯ್ತು ವಿಹಿಣಬಾಯಿ?" ಹೌಸಾಬಾಯಿ ಕೇಳಿದಳು. ಮರಾಠಿಯಲ್ಲಿ ಬೀಗಿತ್ತಿಯನ್ನು ಹಾಗೆ ಕರೆಯುತ್ತಾರೆ. "ಕಾಲಿಗೆ ಬಣ್ಣ ಹತ್ತುತ್ತೆ ಅಂತ ಹೆದರಿಕೆನಾ?"

"ಇದೆಲ್ಲ ಹೀಗೇ ಕೊಳೀತದಾ?"

"ಇನ್ನೇನು ಮಾಡೋದು? ಜಾಂಭುಳ, ಅಂದರೆ ನಿಮ್ಮ ನೇರಳೆ, ಎರಡು ದಿನ ಇಟ್ಟರೆ ನೀರಾಗುತ್ತೆ. ಮಳೆ ಬರೋ ಮೊದಲು ಕೊಯ್ದಿದ್ದು ಬಜಾರಿಗೆ. ಮಳೆ ಬಿದ್ದ ಮೇಲೆ ಇರುವೆಗೆ, ಹಕ್ಕಿಗೆ. ನನ್ನ ಮಾವ ಮಕ್ಕಳ ಹಾಗೆ ಸಾಕಿದ ಮರಗಳು. ಪ್ರತಿ ವರ್ಷ ಇದನ್ನ ನೋಡುವಾಗ ಹೊಟ್ಟೆ ಉರಿಯುತ್ತೆ."

ವಾರಿಜಾ ಬಗ್ಗಿ ಒಂದು ಹಣ್ಣನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ನಾಲಿಗೆ ಒಗರಿಗೆ ಬಿಗಿಯಿತು. ಆಮೇಲೆ ಸಿಹಿ ಬಂತು. ಅವತ್ತು ವಾಪಸು ಹೊರಡುವಾಗ ಅವಳ ಕೈಯಲ್ಲಿ ಎರಡು ಚೀಲ ನೇರಳೆ ಇತ್ತು. ಬದಲಾಪುರದಿಂದ ಡೊಂಬಿವಲಿಯವರೆಗೆ ಲೇಡೀಸ್ ಡಬ್ಬಿಯಲ್ಲಿ ಆ ಚೀಲಗಳನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಳು.

ಮನೆಯಲ್ಲಿ ಹಣ್ಣು ಕಿವುಚಿ, ಬೀಜ ತೆಗೆದು, ಉಪ್ಪಿನಕಾಯಿಯ ದೊಡ್ಡ ಭರಣಿಗೆ ತುಂಬಿ, ಸಕ್ಕರೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದಳು. ಮುರಾರಿ ಕೇಳಿದಾಗ "ಶರಬತ್ತಿಗೆ" ಎಂದಳು. ಎರಡೇ ದಿನದಲ್ಲಿ ಭರಣಿಗೆ ಕಿವಿಯಿಟ್ಟರೆ ಅಕ್ಕಿ ಚೆಲ್ಲಿದಂಥ ಅದೇ ಸದ್ದು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕುಬಿಟ್ಟಳು.

ಆದರೆ ಅಪ್ಪನ ಕಳ್ಳು ಒಂದು ಹಗಲಿನಲ್ಲಿ ಮುಗಿಯುವ ಲೆಕ್ಕ. ನೇರಳೆ ಹಾಗಲ್ಲ, ಅದಕ್ಕೆ ವಾರಗಳೇ ಬೇಕು. ಬಟ್ಟೆ ಕಟ್ಟಿದ ಭರಣಿಗೆ ಅಷ್ಟು ದಿನ ಗಾಳಿ ಆಡಿದರೆ ಆಗುವುದೇನು? ಒಂದು ದಿನ ಬಿಚ್ಚಿ ನೋಡಿದರೆ ಕಣ್ಣಲ್ಲಿ ನೀರು ಬರುವಷ್ಟು ಖಾರ ವಾಸನೆ. ಎಲ್ಲವೂ ಸಿರ್ಕಾ ಆಗಿ ಕೂತಿತ್ತು. ಪೇಟೆಯವರು ವಿನೆಗರ್ ಅನ್ನುವುದು ಅದನ್ನೇ.

ಚೆಲ್ಲಲು ಮನಸ್ಸು ಬರಲಿಲ್ಲ. ಸಣ್ಣ ಈರುಳ್ಳಿಯನ್ನು ಅದರಲ್ಲಿ ಮುಳುಗಿಸಿಟ್ಟಳು. ನೇರಳೆ ಬಣ್ಣಕ್ಕೆ ತಿರುಗಿದ ಈರುಳ್ಳಿಯನ್ನು ಮುರಾರಿ ಊಟಕ್ಕೆ ನೆಂಚಿಕೊಂಡು, "ಇದು ಚಲೋ ಉಂಟು ಮಾರಾಯ್ತಿ" ಎಂದು ಒಂದು ಬಾಟಲಿ ಹೋಟೆಲಿಗೂ ತೆಗೆದುಕೊಂಡು ಹೋದ. ಹೌಸಾಬಾಯಿಗೂ ಒಂದು ಬಾಟಲಿ ಹೋಯಿತು. ಅವಳು ಫೋನಿನಲ್ಲಿ ಹಿಗ್ಗಿಬಿಟ್ಟಳು. "ನನ್ನ ಮರದ ಹಣ್ಣು ಮಳೆಗಾಲದಲ್ಲೂ ನನ್ನ ಮನೇಲಿ ಉಳೀತು ವಿಹಿಣಬಾಯಿ! ಇದು ಮೊದಲನೇ ಸಲ!"

ವಾರಿಜಾಗೆ ಮಾತ್ರ ಸಮಾಧಾನವಿರಲಿಲ್ಲ. ಅವಳು ಹೊರಟದ್ದು ಸಿರ್ಕಾ ಮಾಡಲು ಅಲ್ಲ.

ಮುಂದಿನ ಬೇಸಿಗೆಗೆ ಮೊದಲೇ ವಿಕಾಸ್‌ನನ್ನು ಕೂರಿಸಿಕೊಂಡು ಕೇಳಿದಳು. ಅವನು ಉತ್ಸಾಹದಿಂದ ಎದ್ದೇ ನಿಂತ. "ಆಯಿ, ಸೇಬಿನ ರಸ ಹುಳಿ ಬರಿಸಿ ಮಾಡೋದಕ್ಕೆ ಸೈಡರ್ ಅಂತಾರೆ. ನೀವು ಮಾಡಬೇಕು ಅಂತಿರೋದು ಅದೇ, ಜಾಂಭುಳದ್ದು. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದ್ದು ಒಳಗೆ ಬರಬಾರದು. ಅಷ್ಟೇ ಗುಟ್ಟು." ಅವನೇ ದೊಡ್ಡ ಗಾಜಿನ ಜಾಡಿ ತಂದ. ಬಿರಡೆಗೆ ತೂತು ಮಾಡಿ ಸಣ್ಣ ನಳಿಗೆ ಹಾಕಿ, ಅದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿದ. ಲೋಟದಲ್ಲಿ ಗುಳ್ಳೆ ಏಳುವುದನ್ನು ಅನಘಳೂ ಬಂದು ನೋಡಿದಳು. "ಅರೆ, ಮಮ್ಮಿ, ಯೇ ತೋ ಸಾಂಸ್ ಲೇ ರಹಾ ಹೈ!" ಎಂದು, ಜಾಡಿಯೇ ಉಸಿರಾಡುತ್ತಿದೆ ಎಂಬಂತೆ, ಕಿರುಚಿದಳು.

ಹಣ್ಣಿನ ವಿಷಯ ಹೇಳಿಕೊಟ್ಟವಳು ಹೌಸಾಬಾಯಿ. ನೆಲಕ್ಕೆ ಬಿದ್ದದ್ದು ಬೇಡ, ಅದಕ್ಕೆ ಮಣ್ಣಿನ ವಾಸನೆ. ಮರದಲ್ಲೇ ಕಪ್ಪಾಗಿ, ಮುಟ್ಟಿದರೆ ಕೈಗೆ ಬರುವಂಥದ್ದೇ ಬೇಕು. ಬೀಜ ಜಜ್ಜಿದರೆ ಕಹಿಯಾಗುತ್ತದೆ, ಕೈಯಲ್ಲೇ ಕಿವುಚಬೇಕು. ಮೂವರೂ ತಂತಮ್ಮ ಪಾಲಿನ ವಿದ್ಯೆ ಹಾಕಿದ್ದರು. ಎಡವಟ್ಟು ಮಾಡಿದವಳು ವಾರಿಜಾಳೇ. ಗುಳ್ಳೆ ಕಡಿಮೆಯಾದದ್ದು ಕಂಡು, ವಿಕಾಸ್ ಬೇಡ ಬೇಡ ಎಂದರೂ, ತಡೆಯಲಾರದೆ ಬಾಟಲಿಗಳಿಗೆ ತುಂಬಿ ಬಿಗಿಯಾಗಿ ಮುಚ್ಚಿ ಅಡುಗೆಮನೆಯ ಮಾಡದಲ್ಲಿ ಸಾಲಾಗಿ ನಿಲ್ಲಿಸಿದಳು.

ಒಂದು ಮಧ್ಯಾಹ್ನ, ಊಟದ ತಟ್ಟೆ ತೊಳೆಯುತ್ತಿದ್ದಾಗ ಮೊದಲನೆಯದು ಸಿಡಿಯಿತು. ಅದರ ಪೆಟ್ಟಿಗೆ ಪಕ್ಕದ್ದು, ಅದರಾಚೆಯದ್ದು. ಪಟಾಕಿ ಸರದ ಹಾಗೆ. ವಾರಿಜಾ ತಲೆಯ ಮೇಲೆ ತಟ್ಟೆ ಹಿಡಿದು ಬಾಗಿಲಾಚೆ ಓಡಿದಳು. ತಿರುಗಿ ನೋಡಿದರೆ ಬಿಳೀ ಗೋಡೆ, ಸೀಲಿಂಗು, ಫ್ರಿಜ್ಜು, ದೇವರ ಕ್ಯಾಲೆಂಡರು, ಎಲ್ಲದರ ಮೇಲೂ ಕಡುಗೆಂಪು. ಮೆಟ್ಟಿಲಲ್ಲಿ ಜನ ಸೇರಿತು. ಸೊಸೈಟಿಯ ಸೆಕ್ರೆಟರಿ ಪಾಟಣಕರ್ ಓಡಿ ಬಂದು, ವಾರಿಜಾಳ ಸೀರೆಯನ್ನೂ ಗೋಡೆಯನ್ನೂ ನೋಡಿ, "ದೇವಾ! ಕುಣಾಚಾ ಖೂನ್?" ಎಂದು ಅಲ್ಲೇ ಗೋಡೆಗೆ ಒರಗಿದ. ಯಾರದೂ ಖೂನ್ ಅಲ್ಲ, ಜಾಂಭುಳ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವಳಿಗೆ ಸಾಕುಬೇಕಾಯಿತು. ಪುಣ್ಯಕ್ಕೆ ಯಾರಿಗೂ ಗಾಜು ತಗುಲಿರಲಿಲ್ಲ.

ಆದರೆ ವಾಸನೆ? ಅದು ಜಾಂಭುಳ ಮಾತ್ರ ಅಲ್ಲ ಎಂದು ಮೂಗಿರುವವರಿಗೆಲ್ಲ ಗೊತ್ತಾಗುತ್ತಿತ್ತು. ಸಂಜೆ ಮುರಾರಿ ಬರುವಷ್ಟರಲ್ಲಿ ಕೆಳಗಿನ ಪಾನಿನ ಅಂಗಡಿಯವನವರೆಗೂ ಸುದ್ದಿ ಮುಟ್ಟಿತ್ತು.

ಅವನು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಶರಬತ್ತು ಅಲ್ವಾ ಇದು?"

ವಾರಿಜಾ ಗೋಡೆ ಉಜ್ಜುತ್ತಿದ್ದಳು.

"ಇಡೀ ಜನ್ಮ ಈ ವಾಸನೆಯಿಂದ ದೂರ ಬರ್ಲಿಕ್ಕೆ ಒದ್ದಾಡಿದ್ದೇನೆ ನಾನು. ಡೊಂಬಿವಲಿವರೆಗೆ ಬಂದದ್ದು ಯಾಕೆ ಮತ್ತೆ? ಕಡೆಗೆ ಅದನ್ನು ನನ್ನ ಮನೆಯ ಗೋಡೆಗೇ ಬಳಿದೆಯಲ್ಲ!"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. "ಯಾವ ವಾಸನೆ? ನನ್ನ ಅಪ್ಪನ ಮೈ ವಾಸನೆ ಅದು. ಅದನ್ನು ಉಂಡೇ ನಾನು ಬೆಳೆದದ್ದು. ನಿಮಗೆ ಬೇಡದಿದ್ರೆ ಮೂಗು ಮುಚ್ಚಿಕೊಳ್ಳಿ. ಶಾಲೆಯ ಹುಡುಗಿಯರೂ ಹಾಗೇ ಮಾಡ್ತಿದ್ರು."

ಅಷ್ಟು ಗಟ್ಟಿಯಾಗಿ ಅವಳು ಆ ಮನೆಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಆಮೇಲೆ ಇಬ್ಬರ ನಡುವೆ ಬಹಳ ದಿನ "ಊಟಕ್ಕೆ ಬಡಿಸಲಾ", "ಹೂಂ" ಅನ್ನುವುದಕ್ಕಿಂತ ಹೆಚ್ಚು ಮಾತು ನಡೆಯಲಿಲ್ಲ.

ಇದನ್ನು ಬಿಡುತ್ತೇನೆ ಎಂದು ಮಾತ್ರ ವಾರಿಜಾ ಹೇಳಲಿಲ್ಲ. ಹೌಸಾಬಾಯಿಯೂ ಬಿಡುವವಳಲ್ಲ. "ನನ್ನ ಗೋಠಾ, ದನದ ಕೊಟ್ಟಿಗೆ, ಖಾಲಿ ಇದೆ. ಎಮ್ಮೆಗಳನ್ನ ಕೊಟ್ಟ ಮೇಲೆ ಅಲ್ಲಿ ಬರೀ ಹುಲ್ಲು. ಸಿಡಿದರೂ ಮಣ್ಣಿನ ಗೋಡೆ. ಅದಕ್ಕೆ ಬಣ್ಣದ ಚಿಂತೆ ಇಲ್ಲ" ಎಂದಳು. ಮಾಡುವುದಾದರೆ ಮುಚ್ಚಿಟ್ಟು ಮಾಡುವುದು ಬೇಡ, ಕಾಯ್ದೆಯ ಪ್ರಕಾರ ಪರವಾನಗಿ ತೆಗೆದೇ ಮಾಡುವ ಎಂದು ವಿಕಾಸ್ ಪಟ್ಟು ಹಿಡಿದ. ಠಾಣೆಯ ಅಬಕಾರಿ ಕಚೇರಿಗೆ ತಿಂಗಳುಗಟ್ಟಲೆ ಓಡಾಡಿದ. ಗೋಠಾದ ನೆಲಕ್ಕೆ ಕಲ್ಲು ಹಾಸಿ, ಗೋಡೆಗೆ ಸುಣ್ಣ ಬಳಿದು, ಕಿಟಕಿಗೆ ಜಾಲರಿ ಹೊಡೆಸಿದರು. ಅಧಿಕಾರಿಗಳು ಬಂದು ನೋಡಿ ಹೋದರು. ಹೌಸಾಬಾಯಿಯ ಹೆಸರಿಗೆ ಪರವಾನಗಿ ಬಂದ ದಿನ ಅವಳು ಗೋಠಾದ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಳು.

ಮೂರನೆಯ ಜೂನು ಬಂತು. ವಾರಿಜಾ ವಾರದಲ್ಲಿ ಹೆಚ್ಚು ದಿನ ತೋಟದಲ್ಲೇ ಉಳಿದಳು. ಬೆಳಕು ಹರಿಯುವ ಮೊದಲೇ ಕೊಯ್ಯುವವರು ಬಿದಿರೇರುತ್ತಿದ್ದರು. ಬಿಸಿಲು ಏರುವಷ್ಟರಲ್ಲಿ ಬುಟ್ಟಿಗಳು ಅಂಗಳಕ್ಕೆ ಬರುತ್ತಿದ್ದವು. ಇಬ್ಬರು ಬೀಗಿತ್ತಿಯರು ಎದುರುಬದುರು ಮಣೆ ಹಾಕಿ ಕೂತು ಆರಿಸಿ, ತೊಳೆದು, ಕಿವುಚುತ್ತಿದ್ದರು. ಮೊಣಕೈವರೆಗೂ ಬಣ್ಣ. ಕೆಲಸದ ಜೊತೆ ಮಾತು. ವಾರಿಜಾಳ ಮಾತು ಎಲ್ಲಿಂದ ಶುರುವಾದರೂ ತಿರುಗಿ ಕಟಪಾಡಿಗೇ ಬಂದು ನಿಲ್ಲುತ್ತಿತ್ತು.

ಈ ಸಲ ಅವಳು ತಾಳ್ಮೆ ಕಲಿತಿದ್ದಳು. ಲೋಟದ ಗುಳ್ಳೆ ನಿಂತ ಮೇಲೂ ಕಾದಳು. ವಿಕಾಸ್ ರಸದಲ್ಲಿ ಗಾಜಿನ ಕಡ್ಡಿ ತೇಲಿಸಿ, ಸಿಹಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದ. ಅವಳು ಜಾಡಿಗೆ ಕಿವಿಯಿಡುತ್ತಿದ್ದಳು. ಇಬ್ಬರೂ ಸರಿ ಎಂದ ಮೇಲೇ ಗಸಿ ಬಿಟ್ಟು ಮೇಲಿನ ತಿಳಿಯನ್ನು ಬೇರೆ ಜಾಡಿಗೆ ಇಳಿಸುವುದು ಎಂದು ಒಪ್ಪಂದವಾಗಿತ್ತು.

ತಿಳಿ ಇಳಿಸುವ ದಿನ ಮುರಾರಿಯ ವಾರದ ರಜೆ. ಅವನು ಹೇಳದೆ ಕೇಳದೆ ಬದಲಾಪುರದ ಗಾಡಿ ಹತ್ತಿದ. ಹೆಂಡತಿಯನ್ನು ಕರೆದುಕೊಂಡು ಬರುವುದು, ಈ ಹುಚ್ಚು ಇಷ್ಟಕ್ಕೇ ಸಾಕು ಎಂದು ಹೇಳುವುದು, ಹೀಗೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದ. ಸಣ್ಣ ಮಳೆ ಹನಿಯುತ್ತಿತ್ತು. ಅಂಗಳದಲ್ಲಿ ಎದುರಾದವಳು ಹೌಸಾಬಾಯಿ.

"ಬನ್ನಿ ಬನ್ನಿ ವ್ಯಾಹೀ, ಬೀಗರೇ! ಕೊನೆಗೂ ಬಂದ್ರಲ್ಲ ನಿಮ್ಮ ಮಾವನ ವಿದ್ಯೆ ನೋಡೋಕೆ!"

"ನನ್ನ ಮಾವನ?"

"ಮತ್ತೆ ಯಾರದ್ದು? ಶಂಭು ಬಾಬಾದ್ದು!" ಚಹಾ ಕೈಗಿಟ್ಟು ಅವಳು ಎದುರಿಗೆ ಕೂತಳು. "ಎಂಥಾ ಮನುಷ್ಯ ಹೌದಾ! ಜಡಿಮಳೆಯಲ್ಲಿ ಪಾಚಿಗಟ್ಟಿದ ಮರ ಹತ್ತಿ ಇಳಿದರೂ ಒಂದು ಸಲ ಜಾರಿದವನಲ್ಲವಂತೆ. ಮೊದಲನೇ ಮಡಕೆ ದೈವಕ್ಕೆ ಮೀಸಲು. ಅದಾಗದೆ ಯಾರಿಗೂ ಕೊಡೋದಿಲ್ಲ. ಒಂದು ಹನಿ ನೀರು ಬೆರೆಸಿದವನಲ್ಲ. ಊರಲ್ಲಿ ಬಸುರಿ ಹೆಂಗಸು ಯಾರಾದರೂ ಹುಳಿ ಬರದ ಸಿಹಿ ಬೇಕು ಅಂತ ಆಸೆಪಟ್ಟರೆ, ಅವಳಿಗೋಸ್ಕರ ಬೆಳ್ಳಂಬೆಳಗ್ಗೆ ಬೇರೆ ಮಡಕೆ ಕಟ್ಟಿ ಮನೆ ಬಾಗಿಲಿಗೆ ಕೊಟ್ಟು ಬರ್ತಿದ್ದನಂತೆ. ಆ ಮನೆಗಳಲ್ಲಿ ಅವನನ್ನ ಜಗಲಿ ಮೇಲೆ ಕೂರಿಸ್ತಿರಲಿಲ್ಲ ಅಂತಲೂ ಹೇಳಿದಳು ವಿಹಿಣಬಾಯಿ. ಆದರೂ ಕೊಟ್ಟು ಬರ್ತಿದ್ದ. ನಿಮಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತೆ ಬಿಡಿ."

ಮುರಾರಿಗೆ ಏನೂ ಗೊತ್ತಿರಲಿಲ್ಲ. ಮಾವನನ್ನು ಅವನು ಕಂಡಿದ್ದದ್ದು ನಾಲ್ಕಾರು ಸಲ. ಕಂಡಾಗಲೂ ಮಳೆ, ಬೆಳೆ, ಬಸ್ಸಿನ ಸಮಯ ಇಷ್ಟೇ ಮಾತು. ಭಾಷೆ ಬೇರೆ, ಊರು ಬೇರೆಯಾದ ಈ ಹೆಂಗಸಿಗೆ ತನ್ನ ಹೆಂಡತಿ ಎರಡು ಬೇಸಿಗೆಯಲ್ಲಿ ಹೇಳಿ ಮುಗಿಸಿದ್ದನ್ನು, ಇಷ್ಟು ಕಾಲದ ಸಂಸಾರದಲ್ಲಿ ತನಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳಬೇಡ ಎಂದವನು ತಾನೇ. ಚಹಾ ಆರಿತು. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಅವನು ಎದ್ದು ಗೋಠಾಕ್ಕೆ ಹೋದ. ಒಳಗೆ ತಂಪು. ವಾರಿಜಾ ಬೆನ್ನು ಹಾಕಿ ಕೂತು ಜಾಡಿಗೆ ಕಿವಿಯಿಟ್ಟಿದ್ದಳು. ಹೆಜ್ಜೆಯ ಸದ್ದಿಗೆ ತಿರುಗಿದಳು, ಗಂಡನನ್ನು ಕಂಡು ಜಗಳಕ್ಕೆ ಸಿದ್ಧಳಾದಂತೆ ಸೆರಗು ಸಿಕ್ಕಿಸಿಕೊಂಡಳು.

ಮುರಾರಿ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ನನ್ನ ಅಜ್ಜನೂ ಹತ್ತುತ್ತಿದ್ದ. ನಿನಗೆ ಗೊತ್ತುಂಟಾ?"

"ನನಗೆ ಹೇಗೆ ಗೊತ್ತಾಗ್ಬೇಕು? ನೀವು ಯಾವಾಗ ಹೇಳಿದ್ರಿ?"

"ಕಾಲಿನ ಹೆಬ್ಬೆರಳಿನ ಹತ್ತಿರ ಇಷ್ಟು ದಪ್ಪ ಚರ್ಮ ಇತ್ತು ಅವನಿಗೆ. ಸಣ್ಣವನಿರುವಾಗ ನಾನು ಅದನ್ನು ಮುಟ್ಟಿ ಮುಟ್ಟಿ ನೋಡ್ತಿದ್ದೆ." ಅವನು ಜಾಡಿಯ ಕಡೆ ಬಗ್ಗಿದ. "ಎಂತ ಕೇಳ್ಬೇಕು ಇದರಲ್ಲಿ? ನನಗೂ ತೋರಿಸು."

ಅವಳು ಸರಿದು ಜಾಗ ಕೊಟ್ಟಳು. ಬಿಳೀ ಅಂಗಿಯ ಮುರಾರಿ ಜಾಡಿಗೆ ಕಿವಿಯಿಟ್ಟ. "ಎಂತದೂ ಕೇಳ್ತಿಲ್ಲ ಮಾರಾಯ್ತಿ."

"ಕೇಳಬಾರದು. ಈಗ ಅದು ತಣ್ಣಗಾಗಿದೆ. ಇನ್ನು ಇಳಿಸ್ಬಹುದು."

ಅವತ್ತು ಸಂಜೆಯವರೆಗೆ ಅವನು ಬಾಟಲಿ ತೊಳೆದ. ಅಂಗಿಯ ತೋಳಿಗೆ ಹತ್ತಿದ ಬಣ್ಣ ಎಷ್ಟು ಒಗೆದರೂ ಹೋಗಲಿಲ್ಲ. ಅದೇ ಅಂಗಿ ಹಾಕಿಕೊಂಡು ಗಲ್ಲಾದ ಮೇಲೆ ಕೂತ ಎಂದು ಆಮೇಲೆ ಅನಘ ಎಲ್ಲರಿಗೂ ಹೇಳಿ ನಕ್ಕಳು.

ಗಣಪತಿ ಹಬ್ಬ ಕಳೆದು, ಮಳೆ ಬಿಟ್ಟು, ಬಿಸಿಲು ಹದವಾದಾಗ ಮೊದಲ ಬಾಟಲಿ ಬಿಚ್ಚಿದರು. ಯಾವುದೂ ಸಿಡಿಯಲಿಲ್ಲ. ಟುಸ್ಸೆಂದು ಮುಚ್ಚಳ ಎದ್ದು, ಮಾಣಿಕ್ಯದ ಬಣ್ಣದ್ದು ಸಣ್ಣ ನೊರೆಯೊಂದಿಗೆ ಲೋಟಕ್ಕೆ ಇಳಿಯಿತು. ಮೊದಲು ಹುಳಿ, ಆಮೇಲೆ ನೇರಳೆಯ ಒಗರು, ಕೊನೆಯಲ್ಲಿ ನಾಲಿಗೆಯ ಬುಡದಲ್ಲಿ ಒಂದಿಷ್ಟು ಸಿಹಿ. ಹೌಸಾಬಾಯಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಎದ್ದು ಹೋಗಿ ಉಳಿದದ್ದನ್ನು ಮಾವ ನೆಟ್ಟ ದೊಡ್ಡ ಮರದ ಬುಡಕ್ಕೆ ಎರೆದು ಬಂದಳು.

ದೀಪಾವಳಿಯ ಹೊತ್ತಿಗೆ ಠಾಣೆಯ ಮೈದಾನವೊಂದರಲ್ಲಿ ಜಿಲ್ಲೆಯ ರೈತರ ಪ್ರದರ್ಶನವಿತ್ತು. ಹಣ್ಣಿನ ವೈನು, ಸೈಡರ್‌ಗಳಿಗೆ ಬೇರೆಯೇ ಒಂದು ಚಪ್ಪರ. ಅಲ್ಲಿ ಮೇಜು ಸಿಕ್ಕಿತು. ಬಾಟಲಿಗೆ ಏನು ಹೆಸರಿಡುವುದು? ವಿಕಾಸ್ ಚೆಂದದ ಇಂಗ್ಲಿಷ್ ಹೆಸರುಗಳನ್ನು ಹೇಳುತ್ತಾ ಹೋದ. ಹೌಸಾಬಾಯಿಗೆ ಒಂದೂ ಬಾಯಿಗೆ ಹತ್ತಲಿಲ್ಲ. ಮೂಲೆಯಲ್ಲಿ ಕೂತು ಪೇಪರು ಓದುತ್ತಿದ್ದ ಮುರಾರಿ ತಲೆಯೆತ್ತದೆ ಹೇಳಿದ.

"ಮೂರ್ತೆ ಅಂತ ಹಾಕಿ."

ವಾರಿಜಾ ಅವನನ್ನೇ ನೋಡಿದಳು. "ಕನ್ನಡದಲ್ಲಿ ದೊಡ್ಡ ಅಕ್ಷರ. ಕೆಳಗೆ ಬೇಕಾದ್ರೆ ಮರಾಠಿಯಲ್ಲಿ ಬರೀರಿ" ಎಂದು ಅವನು ಮತ್ತೆ ಪೇಪರಿನಲ್ಲಿ ಮುಖ ಮುಚ್ಚಿಕೊಂಡ.

ಪ್ರದರ್ಶನದ ಎರಡನೆಯ ದಿನ ಭಾನುವಾರ. ಮೇಜಿನ ಮುಂದೆ ಜನವೋ ಜನ. ಘಣಸೋಲಿಯಿಂದ ಬಂದ ಹುಡುಗ ಹುಡುಗಿಯರು, ಕಲ್ಯಾಣದ ಸಂಸಾರಗಳು, ಮೊದಲ ದಿನ ಕೊಂಡು ಮರುದಿನ ಮತ್ತೆ ಬಂದವರು. "ಮೂರ್ತೆ ಮ್ಹಣಜೆ ಕಾಯ?" ಎಂದು ಹೆಸರಿನ ಅರ್ಥ ಕೇಳಿದವರಿಗೆಲ್ಲ ಹೌಸಾಬಾಯಿ ಸೊಂಟದ ಮೇಲೆ ಕೈಯಿಟ್ಟು ಶಂಭು ಬಾಬಾನ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದಳು. ಕತೆ ಕೇಳಿದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಆ ಗದ್ದಲದ ನಡುವೆ ಹಯಗ್ರೀವ ರಾಯರು ಬಂದರು. ಸಾವಯವ ಬೆಲ್ಲ ನೋಡಲು ಬಂದವರು, ಮುರಾರಿಯನ್ನು ಕಂಡು ಇತ್ತ ತಿರುಗಿದ್ದರು. ಮುರಾರಿ ಗಲ್ಲಾದಲ್ಲಿ ಏಳುವಂತೆ ಥಟ್ಟನೆ ಎದ್ದು ನಿಂತ. ರಾಯರು ಕನ್ನಡಕ ಸರಿಮಾಡಿಕೊಂಡು ಬಾಟಲಿಯ ಮೇಲಿನ ಅಕ್ಷರ ಓದಿದರು. ಆ ಮೈದಾನಕ್ಕೆ ಬಂದ ಗಿರಾಕಿಗಳಲ್ಲಿ ಯಾರೂ ಹೇಳಿಕೊಡದೆ ಆ ಶಬ್ದದ ಅರ್ಥ ತಿಳಿಯುವವರು ಅವರೊಬ್ಬರೇ.

"ಇದೇನು ಮುರಾರಿ? ಮೂರ್ತೆ ಅಂದ್ರೆ... ನಮ್ಮೂರಿನ ಮೂರ್ತೆಯಾ?"

ವಾರಿಜಾಳ ಕೈ ಬಾಟಲಿಯ ಮೇಲೆಯೇ ನಿಂತಿತು. ಗಂಡ ಈಗ ಏನಾದರೂ ಹೇಳಿ ಮಾತು ತೇಲಿಸುತ್ತಾನೆ ಎಂದುಕೊಂಡಳು. ಅವನ ಕಿವಿ ಕೆಂಪಾದದ್ದು ಅವಳಿಗೆ ಕಾಣುತ್ತಿತ್ತು.

"ಹೌದು ರಾಯರೇ, ಅದೇ ಮೂರ್ತೆ" ಎಂದ ಮುರಾರಿ. ದನಿ ತಗ್ಗಿರಲಿಲ್ಲ. "ಇವಳ ಅಪ್ಪ ಶಂಭು ಪೂಜಾರಿ ಅಂತ, ಕಟಪಾಡಿಯಲ್ಲಿ ಮೂರ್ತೆದಾರರಾಗಿದ್ದವರು. ನನ್ನ ಅಜ್ಜನದ್ದೂ ಅದೇ ಕೆಲಸ. ನಾನು ಅದನ್ನು ನಿಮ್ಮ ಹತ್ರ ಯಾವತ್ತೂ ಹೇಳಿರಲಿಲ್ಲ. ಇದು ನನ್ನ ಹೆಂಡತಿ ಮಾಡಿದ್ದು. ಹಣ್ಣು ಬೀಗರ ತೋಟದ್ದು, ವಿದ್ಯೆ ನಮ್ಮ ಮನೆಯದ್ದು."

ರಾಯರು ಒಮ್ಮೆ ಅವನ ಮುಖವನ್ನು, ಒಮ್ಮೆ ಬಾಟಲಿಯನ್ನು ನೋಡಿದರು. ನಂತರ ವಾರಿಜಾಳ ಕಡೆಗೆ ತಿರುಗಿದರು. "ನಾನು ಕುಡಿಯುವವನಲ್ಲಮ್ಮ. ಮೂಸಿ ನೋಡ್ಲಿಕ್ಕೆ ಅಡ್ಡಿ ಇಲ್ಲ ಅಲ್ವಾ?"

ಅವಳು ಲೋಟದ ತಳ ಮುಚ್ಚುವಷ್ಟು ಬಗ್ಗಿಸಿ ಕೊಟ್ಟಳು. ರಾಯರು ಮೂಗಿನ ಹತ್ತಿರ ತಂದರು. ಮತ್ತೊಮ್ಮೆ ತಂದರು. "ನಮ್ಮ ಶಾಲೆಯ ದಾರಿಯಲ್ಲಿ ಒಂದು ನೇರಳೆ ಮರ ಇತ್ತು" ಎಂದರು. "ಅದರ ಕೆಳಗೆ ನಿಂತ ಹಾಗೆ ಆಯ್ತು ನೋಡು. ಮುರಾರಿ, ಇಂಥ ಕೈ ಮನೆಯಲ್ಲಿಟ್ಟುಕೊಂಡು ಇಷ್ಟು ದಿನ ಸುಮ್ಮನಿದ್ದಿಯಲ್ಲ ಮಾರಾಯ, ನಿನಗೆ ಎಂತ ಹೇಳುವುದು!"

ಅವರು ಹೋದ ಮೇಲೆ ಮುರಾರಿ ಸ್ಟೂಲಿನ ಮೇಲೆ ಕೂತು ಕರವಸ್ತ್ರದಿಂದ ಮುಖ ಒರೆಸಿಕೊಂಡ. ವಾರಿಜಾಳ ಬೆನ್ನು ತಾನಾಗಿ ನೆಟ್ಟಗಾಯಿತು. ಅಪ್ಪನ ಹೆಸರನ್ನು ಹತ್ತು ಜನರ ಮುಂದೆ, ಹಗಲು ಬೆಳಕಿನಲ್ಲಿ, ಈ ಮನುಷ್ಯನ ಬಾಯಿಂದ ಕೇಳಿದ್ದಳು.

"ಏನಂದರು? ಏನಂದರು?" ಹೌಸಾಬಾಯಿ ತೋಳು ಹಿಡಿದು ಅಲುಗಿಸಿದಳು. ಅವಳಿಗೆ ಕನ್ನಡ ಬರುವುದಿಲ್ಲ. ವಾರಿಜಾ ಮರಾಠಿಯಲ್ಲಿ ಹೇಳಿದಳು.

"ಇಷ್ಟೇನಾ!" ಹೌಸಾಬಾಯಿ ಮುಖ ಸೊಟ್ಟ ಮಾಡಿದಳು. "ನಿಮ್ಮ ಯಜಮಾನರು ಇವತ್ತು ಹೇಳಿದ್ದನ್ನ ನಾನು ಊರಿಗೆಲ್ಲ ಡಂಗುರ ಹೊಡೆದು ವರ್ಷ ಆಯ್ತಲ್ಲ!"

ಮೂವರೂ ನಕ್ಕರು. ಕೊಳ್ಳುವವರು ಕಾಯುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಜು ಖಾಲಿಯಾಗಿತ್ತು.

ಈಗ ಆ ತೋಟದಲ್ಲಿ ಮಳೆಗೆ ಮೊದಲೇ ಮರಗಳು ಬರಿದಾಗುತ್ತವೆ. ಅಕ್ಕಪಕ್ಕದ ರೈತರೂ ತಮ್ಮ ಹಣ್ಣನ್ನು ಅಲ್ಲಿಗೇ ತರುತ್ತಾರೆ. ಗೋಠಾ ಸಾಲದೆ ಪಕ್ಕದಲ್ಲಿ ಇನ್ನೊಂದು ಕೋಣೆ ಎದ್ದಿದೆ. ರಜೆಯ ದಿನ ಅನಘ ಕಾಲೇಜಿನ ಗೆಳತಿಯರನ್ನು ಕರೆತಂದು, "ಮೇರೀ ಮಮ್ಮಿ ನೇ ಬನಾಯಾ" ಎಂದು ತೋರಿಸಿ, "ನನ್ನ ಅಮ್ಮ ಮಾಡಿದ್ದು" ಎಂದು ಅದನ್ನೇ ಮತ್ತೆ ತಡವರಿಸುವ ಕನ್ನಡದಲ್ಲೂ ಹೇಳುತ್ತಾಳೆ. ಸೊಸೈಟಿಯ ಪಾಟಣಕರ್ ದೀಪಾವಳಿಗೆ ಮೊದಲೇ ಬಂದು ತನ್ನ ಪಾಲು ಹೇಳಿಟ್ಟು ಹೋಗುತ್ತಾನೆ.

ವಾರಿಜಾ ಮಾತ್ರ ಅಷ್ಟಕ್ಕೆ ಕೂರುವವಳಲ್ಲ. ಈ ಬೇಸಿಗೆಯಲ್ಲಿ ತೋಟದ ಹಿಂದಿನ ಗುಡ್ಡದ ತುಂಬ ಕರಂಡೆ, ಅಂದರೆ ಕವಳೆಹಣ್ಣಿನ ಮುಳ್ಳುಪೊದೆಗಳು ಕಪ್ಪಗೆ ಹಣ್ಣಾಗಿ ನಿಂತಿದ್ದವು. ಒಂದು ಬುಟ್ಟಿ ಕೊಯ್ದು ತಂದು ಗೋಠಾದ ಬಾಗಿಲಲ್ಲಿಟ್ಟಳು. ವಿಕಾಸ್ ನೋಡಿ ತಲೆ ಕೆರೆದುಕೊಂಡ. "ಆಯಿ, ಇದರಲ್ಲಿ ಹಾಲು ಬರುತ್ತೆ. ಬಾಯಿಗೆ ಅಂಟುತ್ತೆ. ಇದು ಆಗುವ ಹಣ್ಣಲ್ಲ."

"ಆಗದಿದ್ರೆ ಸಿರ್ಕಾ ಆಗ್ತದೆ" ಎಂದಳು ವಾರಿಜಾ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಕಡೆ ಕೈ ಚಾಚಿದಳು. "ಆ ಸಣ್ಣ ಜಾಡಿ ಇತ್ತ ಕೊಡಿ ಇವರೇ. ನೋಡುವ."